ಇನ್ಸಾಟ್‌ನ ಕಣ್ಣನ್ನು ಒರೆಗೆ ಹಚ್ಚುವ ಬಗೆ

ಹವಾಮಾನ ಉಪಗ್ರಹ ಮೋಡದ ತಾಪಮಾನವನ್ನು ನೇರವಾಗಿ ಅಳೆಯುವುದಿಲ್ಲ. ಅದರ ಡಿಟೆಕ್ಟರ್ ಮೇಲೆ ಅವಕೆಂಪು ವಿಕಿರಣ ಬಿದ್ದಾಗ ಸಣ್ಣದೊಂದು ವಿದ್ಯುತ್ ಸಂಕೇತ ಹುಟ್ಟುತ್ತದೆ. ಆ ಸಂಕೇತ 0ರಿಂದ 1023ರ ನಡುವಿನ ಒಂದು ಅಂಕಿಯಾಗಿ ಭೂಮಿಗೆ ಬರುತ್ತದೆ. ಚಂಡಮಾರುತದ ತೀವ್ರತೆಯ ಅಂದಾಜು, ಮಳೆಯ ಅಂದಾಜು, ಸಮುದ್ರದ ಮೇಲ್ಮೈ ತಾಪಮಾನ, ಟಿವಿಯಲ್ಲಿ ಬಣ್ಣ ಬಳಿದು ತೋರಿಸುವ ಮೋಡದ ಚಿತ್ರ ಎಲ್ಲವೂ ಆ ಅಂಕಿಯನ್ನು ತಾಪಮಾನಕ್ಕೆ ತಿರುಗಿಸಿದ ಮೇಲೆ ಸಿಗುವಂಥವು. ತಿರುಗಿಸುವ ಸೂತ್ರದಲ್ಲಿ ಕೊಂಚ ಏರುಪೇರಾದರೂ ಅದರ ಮೇಲೆ ಕಟ್ಟಿದ್ದೆಲ್ಲ ಅಷ್ಟೇ ವಾಲುತ್ತದೆ.

ಅಂಗಡಿಯ ತಕ್ಕಡಿಯಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್‌ಸ್ಪೆಕ್ಟರು ಪ್ರಮಾಣಿತ ಬಟ್ಟು ತಂದು ತೂಗಿ, ಮುದ್ರೆ ಒತ್ತಿ ಹೋಗುತ್ತಾರೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಇನ್ಸಾಟ್‌ಗೆ ಆ ಬಟ್ಟನ್ನು ಒಯ್ಯುವವರಾರು? ಉಪಗ್ರಹದ ಒಳಗೇ ಒಂದು ಕೃಷ್ಣಕಾಯ ಇದೆ, ನಿಜ. ತಾಪಮಾನ ಗೊತ್ತಿರುವ ಆ ಕಪ್ಪು ಫಲಕವನ್ನು ಒಮ್ಮೆ, ಬರಿದಾದ ಆಕಾಶವನ್ನು ಇನ್ನೊಮ್ಮೆ ನೋಡಿ ಸಂವೇದಕ ತನ್ನ ಲೆಕ್ಕವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೆ ಆ ಫಲಕವೂ ಅದೇ ಬಿಸಿಲಿನಲ್ಲಿ ಕಾಯುತ್ತದೆ, ಅದೇ ವರ್ಷಗಳಲ್ಲಿ ಹಳತಾಗುತ್ತದೆ. ಆದ್ದರಿಂದ ಹೊರಗಿನ ಸಾಕ್ಷಿ ಬೇಕು. ಇನ್ನೊಂದು ಉಪಗ್ರಹದ ಒಳ್ಳೆಯ ಸಂವೇದಕ ಅದೇ ಹೊತ್ತಿನಲ್ಲಿ ಅದೇ ಮೋಡವನ್ನು ನೋಡಿದಾಗ ಏನು ಕಂಡಿತು ಎಂದು ಕೇಳುವುದೇ ಹೋಲಿಕೆಯ ಮಾಪನಾಂಕ ನಿರ್ಣಯ. ಬಳಕೆಯ ಮಾತಿನಲ್ಲಿ ಇಂಟರ್‌ಕ್ಯಾಲಿಬ್ರೇಶನ್.

ಇದಕ್ಕೊಂದು ಜಾಗತಿಕ ಪದ್ಧತಿ ಇದೆ. ವಿಶ್ವ ಹವಾಮಾನ ಸಂಸ್ಥೆ ಮತ್ತು ಹವಾಮಾನ ಉಪಗ್ರಹಗಳ ಸಮನ್ವಯ ಗುಂಪು ಸೇರಿ 2005ರಲ್ಲಿ ಶುರುಮಾಡಿದ ಅದರ ಹೆಸರು ಜಿಸಿಕ್ಸ್. ಇಸ್ರೋ, ಭಾರತೀಯ ಹವಾಮಾನ ಇಲಾಖೆ ಎರಡೂ ಅದರ ಸದಸ್ಯರು. ಕೆಳಗಿನ ಹಂತಗಳು ಆ ಪದ್ಧತಿಯ ಜಾಡಿನಲ್ಲೇ ಸಾಗುತ್ತವೆ, ಕಲಿಯುವವರಿಗಾಗಿ ಸರಳ ಮಾಡಿದ್ದೇನೆ ಅಷ್ಟೆ. ಪದವಿ ಮಟ್ಟದ ಭೌತಶಾಸ್ತ್ರ, ಕೊಂಚ ಪೈಥಾನ್, ಒಂದು ಲ್ಯಾಪ್‌ಟಾಪ್ ಸಾಕು. ತಾಳ್ಮೆ ಮಾತ್ರ ಸ್ವಲ್ಪ ಜಾಸ್ತಿ ಬೇಕು, ಏಕೆಂದರೆ ಈ ಕೆಲಸದಲ್ಲಿ ಹೋಲಿಸುವ ಹೊತ್ತಿಗಿಂತ ಹೋಲಿಸಬಾರದ್ದನ್ನು ಆರಿಸಿ ಬಿಸಾಡುವ ಹೊತ್ತೇ ಹೆಚ್ಚು.

ಹಂತ 1: ಯಾರನ್ನು ಯಾರ ಮುಂದೆ ನಿಲ್ಲಿಸಬೇಕು

ಪರೀಕ್ಷೆಗೆ ಒಳಗಾಗುವುದು ಇನ್ಸಾಟ್-3ಡಿಎಸ್‌ನ ಇಮೇಜರ್ ಎಂದುಕೊಳ್ಳೋಣ. 2024ರ ಫೆಬ್ರವರಿ 17ರಂದು ಜಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಶ್ರೀಹರಿಕೋಟಾದಿಂದ ಹಾರಿದ ಈ ಉಪಗ್ರಹ ಪೂರ್ವ ರೇಖಾಂಶ 82 ಡಿಗ್ರಿಯ ಮೇಲೆ ನಿಂತಿದೆ. ಅದರ ಜೊತೆಗಾರ ಇನ್ಸಾಟ್-3ಡಿಆರ್ 74 ಡಿಗ್ರಿಯಲ್ಲಿದೆ. ಈ ಉಪಗ್ರಹಗಳಿಗೆ ಆಜ್ಞೆ ಹೋಗುವುದು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ. ಇಮೇಜರ್‌ನಲ್ಲಿ ಆರು ಚಾನೆಲ್‌ಗಳಿವೆ. ಮೊದಲ ಎರಡು ಸೂರ್ಯನ ಬೆಳಕನ್ನು ನೋಡುವಂಥವು. ಉಳಿದ ನಾಲ್ಕು ಅವಕೆಂಪು: 3.8ರಿಂದ 4.0 ಮೈಕ್ರಾನ್, ನೀರಾವಿಯ 6.5ರಿಂದ 7.1, ಉಷ್ಣದ 10.3ರಿಂದ 11.3 ಮತ್ತು 11.5ರಿಂದ 12.5. ಕಲಿಯುವವರು ಉಷ್ಣದ ಮೊದಲ ಚಾನೆಲ್‌ನಿಂದ, ಅಂದರೆ 10.3ರಿಂದ 11.3ರ ಚಾನೆಲ್‌ನಿಂದ ಶುರುಮಾಡುವುದು ಒಳ್ಳೆಯದು. ವಾತಾವರಣ ಅಲ್ಲಿ ಹೆಚ್ಚು ಅಡ್ಡ ಬರುವುದಿಲ್ಲ, ಸಂಕೇತವೂ ಬಲವಾಗಿರುತ್ತದೆ.

ಸಾಕ್ಷಿಯಾಗಿ ಯಾಸಿಯನ್ನು ಕರೆಯೋಣ. ಇದು ಯುರೋಪಿನ ಮೆಟಾಪ್ ಉಪಗ್ರಹಗಳ ಮೇಲಿರುವ ರೋಹಿತಮಾಪಕ. ಮೆಟಾಪ್-ಬಿ 2012ರಲ್ಲಿ, ಮೆಟಾಪ್-ಸಿ 2018ರಲ್ಲಿ ಹಾರಿದವು. ಯಾಸಿ ಒಂದೊಂದು ಚುಕ್ಕೆಯ ವಿಕಿರಣವನ್ನೂ 8461 ತುಂಡಾಗಿ ಸೀಳಿ ಅಳೆಯುತ್ತದೆ. 3.62 ಮೈಕ್ರಾನ್‌ನಿಂದ 15.5 ಮೈಕ್ರಾನ್‌ವರೆಗೆ ನಡುವೆ ಎಲ್ಲೂ ಬಿಟ್ಟುಹೋಗಿಲ್ಲ. ಈ 'ಬಿಟ್ಟುಹೋಗಿಲ್ಲ' ಎನ್ನುವುದು ನಮಗೆ ಬಲು ಮುಖ್ಯ. ಅಮೆರಿಕದ ಕ್ರಿಸ್ ಎಂಬ ರೋಹಿತಮಾಪಕವೂ ಉತ್ತಮವೇ, ಆದರೆ ಅದರ ರೋಹಿತದ ನಡುವೆ ಖಾಲಿ ಜಾಗಗಳಿವೆ. ಇನ್ಸಾಟ್‌ನ 3.8ರಿಂದ 4.0 ಮೈಕ್ರಾನ್ ಚಾನೆಲ್ ಪೂರ್ತಿಯಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಸಾಕ್ಷಿ ಒಳ್ಳೆಯವನೇ ಆದರೂ ಘಟನೆಯನ್ನು ಅರ್ಧ ಮಾತ್ರ ನೋಡಿದ್ದರೆ ಉಪಯೋಗವಿಲ್ಲ.

ಯಾಸಿಯೇ ಪರಮ ಸತ್ಯವೇ? ಅಲ್ಲ. ಯಾಸಿ, ಕ್ರಿಸ್, ಹಳೆಯ ಅಕ್ವಾ ಉಪಗ್ರಹದ ಏರ್ಸ್ ಇವುಗಳನ್ನು ಒಂದಕ್ಕೊಂದು ಹೋಲಿಸಿದಾಗ ಹೆಚ್ಚಿನ ಕಡೆ ವ್ಯತ್ಯಾಸ 0.1, 0.2 ಕೆಲ್ವಿನ್‌ನ ಮಟ್ಟದಲ್ಲಿರುತ್ತದೆ. ಬೇರೆಬೇರೆ ದೇಶದವರು ಬೇರೆಬೇರೆಯಾಗಿ ಕಟ್ಟಿದ ಉಪಕರಣಗಳು ಇಷ್ಟು ಹತ್ತಿರದ ಮಾತಾಡಿದರೆ ನಂಬಬಹುದು. ಅದಕ್ಕಿಂತ ಚಿಕ್ಕ ವ್ಯತ್ಯಾಸ ಇನ್ಸಾಟ್‌ನಲ್ಲಿ ಕಂಡರೆ ಮಾತ್ರ ಅದರ ಮೇಲೆ ತೀರ್ಪು ಕೊಡಬೇಡಿ.

ಹಂತ 2: ಫೈಲುಗಳು

ಇನ್ಸಾಟ್ ಫೈಲು ಇಸ್ರೋದ ಮೊಸ್‌ಡ್ಯಾಕ್ ತಾಣದಲ್ಲಿ, ಯಾಸಿಯದು ಯುಮೆಟ್‌ಸ್ಯಾಟ್ ಸಂಸ್ಥೆಯ ದತ್ತಾಂಶ ಭಂಡಾರದಲ್ಲಿ ಸಿಗುತ್ತದೆ. ಎರಡೂ ಕಡೆ ಹೆಸರು ನೋಂದಾಯಿಸಬೇಕು. ಇನ್ಸಾಟ್‌ನ ಒಂದನೇ ಹಂತದ ಫೈಲು, ಅಂದರೆ ಭೂಮಿಯ ಮೇಲಿನ ಸ್ಥಾನ ಗುರುತಿಸಿದ್ದು, ಎಚ್‌ಡಿಎಫ್5 ರೂಪದಲ್ಲಿ ಬರುತ್ತದೆ. ಅದರಲ್ಲಿ ಪಿಕ್ಸೆಲ್‌ಗಳ ಅಂಕಿಯೂ, ಆ ಅಂಕಿಯನ್ನು ವಿಕಿರಣತೆಗೆ ಹಾಗೂ ತಾಪಮಾನಕ್ಕೆ ತಿರುಗಿಸುವ ಕೋಷ್ಟಕಗಳೂ ಇರುತ್ತವೆ. ಅಂಕಿ ಏರಿದರೆ ಬಿಸಿ ಏರಿತು ಎಂದು ಊಹಿಸಿಕೊಳ್ಳಬೇಡಿ. ಕೋಷ್ಟಕವನ್ನು ತೆರೆದು ಮೊದಲ ಸಾಲು, ಕೊನೆಯ ಸಾಲು ನೋಡಿ.

ಇನ್ನೊಂದು ಬಲೆ ಏಕಮಾನದ್ದು. ಒಬ್ಬರು ವಿಕಿರಣತೆಯನ್ನು ಪ್ರತಿ ಮೈಕ್ರಾನ್ ತರಂಗಾಂತರಕ್ಕೆ ಇಷ್ಟು ಎಂದು ಕೊಟ್ಟರೆ, ಇನ್ನೊಬ್ಬರು ಪ್ರತಿ ತರಂಗಸಂಖ್ಯೆಗೆ ಇಷ್ಟು ಎಂದು ಕೊಡುತ್ತಾರೆ. ತರಂಗಸಂಖ್ಯೆ ಎಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಎಂಬುದು. 10,000ವನ್ನು ಮೈಕ್ರಾನ್‌ನಿಂದ ಭಾಗಿಸಿದರೆ ಸಿಗುತ್ತದೆ. ಒಂದನ್ನು ಇನ್ನೊಂದಕ್ಕೆ ತಿರುಗಿಸುವಾಗ ಆ ಅಂತರದ ಅಗಲವೂ ಬದಲಾಗುತ್ತದೆ ಎನ್ನುವುದನ್ನು ಮರೆತರೆ ಮುಂದೆ ಎಷ್ಟು ಎಚ್ಚರವಹಿಸಿದರೂ ಉತ್ತರ ಹಳ್ಳ ಹಿಡಿಯುತ್ತದೆ. ಈ ಲೇಖನದಲ್ಲಿ ನಾನು ತರಂಗಸಂಖ್ಯೆಯ ಲೆಕ್ಕವನ್ನೇ ಹಿಡಿಯುತ್ತೇನೆ: ಒಂದು ಚದರ ಮೀಟರಿಗೆ, ಒಂದು ಸ್ಟೆರೇಡಿಯನ್ನಿಗೆ, ಒಂದು ತರಂಗಸಂಖ್ಯೆಗೆ ಇಷ್ಟು ಮಿಲಿವಾಟ್. ಮುಂದೆ ಇದನ್ನೇ ಸುಮ್ಮನೆ 'ಮಾನ' ಎನ್ನುತ್ತೇನೆ.

ಹಂತ 3: ಜೋಡಿ ಹುಡುಕುವುದು

ಕೆಲಸದ ಜೀವ ಇರುವುದು ಇಲ್ಲಿ. ಎರಡೂ ಸಂವೇದಕಗಳು ಒಂದೇ ಜಾಗವನ್ನು, ಒಂದೇ ಹೊತ್ತಿನಲ್ಲಿ, ಒಂದೇ ಓರೆಯಲ್ಲಿ ನೋಡಿರಬೇಕು.

ಮೊದಲು ಹೊತ್ತು. ಮೆಟಾಪ್ ಹೋದಲ್ಲೆಲ್ಲ ಆ ಊರಿನ ಸ್ಥಳೀಯ ಸಮಯ ಬೆಳಿಗ್ಗೆ ಅಥವಾ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಸಮಭಾಜಕವನ್ನು ದಾಟುತ್ತದೆ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಇನ್ಸಾಟ್-3ಡಿಎಸ್ ನಿಂತಿರುವುದು 82ರಲ್ಲಿ. ಹಾಗಾಗಿ ಲೆಕ್ಕ ಸುಲಭ: ನಿಮ್ಮ ಗೋಡೆ ಗಡಿಯಾರದಲ್ಲಿ ಒಂಬತ್ತೂವರೆ ಆಗುವ ಆಸುಪಾಸಿನಲ್ಲಿ, ಅಂದರೆ ಅಂತರರಾಷ್ಟ್ರೀಯ ಸಮಯ 4 ಗಂಟೆ ಮತ್ತು 16 ಗಂಟೆಯ ಎಡಬಲದ ಫೈಲುಗಳಲ್ಲಿ ಹುಡುಕಿ.

ಜಿಸಿಕ್ಸ್ ಪದ್ಧತಿಯಲ್ಲಿ ಎರಡು ನೋಟಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಇರಬಾರದು. ಇದು ಸುಮ್ಮನೆ ಗೀಚಿದ ಮಿತಿಯಲ್ಲ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಐದು ನಿಮಿಷದಲ್ಲಿ ಮೋಡವನ್ನು 3 ಕಿಲೋಮೀಟರ್ ತಳ್ಳುತ್ತದೆ. ಇನ್ಸಾಟ್‌ನ ಉಷ್ಣ ಚಾನೆಲ್ಲಿನ ಒಂದು ಪಿಕ್ಸೆಲ್ 4 ಕಿಲೋಮೀಟರ್, ಹಾಗಾಗಿ ಮೋಡ ಇನ್ನೂ ಅಲ್ಲೇ ಇದೆ ಎನ್ನಬಹುದು. ಅರ್ಧ ಗಂಟೆ ಬಿಟ್ಟರೆ 18 ಕಿಲೋಮೀಟರ್ ಆಗುತ್ತದೆ. ಯಾಸಿಯ ಚುಕ್ಕೆ ನೇರ ಕೆಳಗೆ 12 ಕಿಲೋಮೀಟರ್ ಅಗಲ, ಆ ಹೊತ್ತಿಗೆ ಮೋಡ ಚುಕ್ಕೆಯಿಂದಲೇ ಆಚೆ ಹೋಗಿರುತ್ತದೆ.

ಇಲ್ಲೇ ಹೊಸಬರು ಜಾರುವ ಒಂದು ಜಾಗವಿದೆ. ಇನ್ಸಾಟ್ ಇಡೀ ಭೂಮಂಡಲವನ್ನು ಒಂದೇ ಕ್ಷಣದಲ್ಲಿ ಕ್ಲಿಕ್ಕಿಸುವುದಿಲ್ಲ. ಉತ್ತರದಿಂದ ದಕ್ಷಿಣಕ್ಕೆ ಸಾಲು ಸಾಲಾಗಿ ಗುಡಿಸಿಕೊಂಡು ಬರುತ್ತದೆ, ಪೂರ್ತಿ ಮುಗಿಯಲು ಸುಮಾರು 26 ನಿಮಿಷ ಬೇಕು. ಫೈಲಿನ ಹೆಸರಿನಲ್ಲಿರುವ ಹೊತ್ತು ಇಡೀ ಚಿತ್ರದ್ದಲ್ಲ. ಶುರುವಾಗಿ ಹತ್ತಿರ ಹತ್ತಿರ ಕಾಲು ಗಂಟೆಯಾದ ಮೇಲೆ ಸಮಭಾಜಕದ ಸಾಲು ಬರುತ್ತದೆ. ಹೆಸರಿನ ಹೊತ್ತನ್ನೇ ಎಲ್ಲ ಪಿಕ್ಸೆಲ್ಲಿಗೂ ಅಂಟಿಸಿ ಐದು ನಿಮಿಷದ ಪರೀಕ್ಷೆ ಮಾಡಿದರೆ, ಸರಿಯಾದ ಜೋಡಿಗಳೆಲ್ಲ ಬಿದ್ದು ತಪ್ಪು ಜೋಡಿಗಳೇ ಉಳಿಯುತ್ತವೆ. ಸ್ಕ್ಯಾನ್ ಶುರು, ಸ್ಕ್ಯಾನ್ ಕೊನೆ ಎರಡನ್ನೂ ಫೈಲಿನಿಂದ ತೆಗೆದು ಸಾಲುಗಳಿಗೆ ಹಂಚಿ.

ಆಮೇಲೆ ಓರೆ. ಮೋಡವನ್ನು ನೆತ್ತಿಯಿಂದ ನೋಡುವುದಕ್ಕೂ ಪಕ್ಕದಿಂದ ನೋಡುವುದಕ್ಕೂ ನಡುವೆ ಇರುವ ವಾತಾವರಣದ ದಪ್ಪ ಬೇರೆ. ಆ ದಪ್ಪ ಓರೆಕೋನದ ಕೊಸೈನ್‌ಗೆ ವಿಲೋಮವಾಗಿ ಏರುತ್ತದೆ, ಅದಕ್ಕೇ ಪರೀಕ್ಷೆಯನ್ನು ಕೋನಗಳ ಮೇಲೆ ಇಡದೆ ಕೊಸೈನ್‌ಗಳ ಮೇಲೆ ಇಟ್ಟಿದ್ದಾರೆ: ಎರಡು ಕೊಸೈನ್‌ಗಳ ಅನುಪಾತ 1ರಿಂದ 0.01ಕ್ಕಿಂತ ಹೆಚ್ಚು ಸರಿಯಬಾರದು. ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಒಂದು 10 ಡಿಗ್ರಿ, ಇನ್ನೊಂದು 12 ಡಿಗ್ರಿ ಇದ್ದರೆ ಅನುಪಾತ 1.007, ತೇರ್ಗಡೆ. 30 ಮತ್ತು 31 ಇದ್ದರೆ 1.0103, ಕೂದಲೆಳೆಯಲ್ಲಿ ನಪಾಸು. 50 ಮತ್ತು 51 ಇದ್ದರೆ 1.021, ಮಾತೇ ಇಲ್ಲ. ನೆತ್ತಿಯ ಹತ್ತಿರ ಎರಡು ಡಿಗ್ರಿಯನ್ನೂ ಕ್ಷಮಿಸುವ ಪರೀಕ್ಷೆ ಅಂಚಿನ ಕಡೆ ಅರ್ಧ ಡಿಗ್ರಿಗೇ ಹುಬ್ಬೇರಿಸುತ್ತದೆ. ಯಾವ ದಿಕ್ಕಿನಿಂದ ನೋಡಿತು ಎಂಬುದನ್ನು, ಅಂದರೆ ಪೂರ್ವವೋ ಪಶ್ಚಿಮವೋ ಎಂಬುದನ್ನು, ಉಷ್ಣ ಚಾನೆಲ್ಲಿನಲ್ಲಿ ಸದ್ಯಕ್ಕೆ ಬಿಟ್ಟುಬಿಡಬಹುದು.

ಮೆಟಾಪ್ ಪ್ರತಿ 8 ಸೆಕೆಂಡಿಗೆ 120 ಚುಕ್ಕೆ ಇಡುತ್ತಾ ಹೋಗುತ್ತದೆ. ಹದಿನೈದು ನಿಮಿಷದ ಒಂದು ಹಾದಿಯಲ್ಲಿ 13,500 ಚುಕ್ಕೆ. ಮೇಲಿನ ಪರೀಕ್ಷೆಗಳಲ್ಲಿ ಬಹುಪಾಲು ಬಿದ್ದುಹೋಗುತ್ತವೆ. ಬೇಸರ ಬೇಡ, ಮಿತಿ ಸಡಿಲಿಸಲೂ ಬೇಡ. ಜೋಡಿ ಕಡಿಮೆಯಾಯಿತು ಎನಿಸಿದರೆ ಇನ್ನಷ್ಟು ದಿನಗಳ ಫೈಲು ಸೇರಿಸಿ.

ಹಂತ 4: ಪಿಕ್ಸೆಲ್‌ಗಳನ್ನು ಕೂಡಿಸಿ

ಯಾಸಿಯ 12 ಕಿಲೋಮೀಟರಿನ ಚುಕ್ಕೆಯೊಳಗೆ ಇನ್ಸಾಟ್‌ನ 4 ಕಿಲೋಮೀಟರಿನ ಪಿಕ್ಸೆಲ್‌ಗಳು ಮೂರಕ್ಕೆ ಮೂರರಂತೆ ಒಂಬತ್ತು ಹಿಡಿಸುತ್ತವೆ. ಅವುಗಳ ಸರಾಸರಿ ತೆಗೆಯಿರಿ. ತಾಪಮಾನದ ಸರಾಸರಿ ಅಲ್ಲ, ವಿಕಿರಣತೆಯ ಸರಾಸರಿ. ತಾಪಮಾನ ಮತ್ತು ವಿಕಿರಣತೆಯ ನಂಟು ನೇರ ರೇಖೆಯಲ್ಲ, ಅರ್ಧ ಮೋಡ ಅರ್ಧ ಸಮುದ್ರ ಇರುವಲ್ಲಿ ಎರಡು ಸರಾಸರಿಗಳೂ ಬೇರೆಬೇರೆ ಉತ್ತರ ಕೊಡುತ್ತವೆ. ನೀರಾವಿ ಚಾನೆಲ್‌ನ ಪಿಕ್ಸೆಲ್ 8 ಕಿಲೋಮೀಟರ್, ಅಲ್ಲಿ ಸುತ್ತಲಿನ ದೊಡ್ಡ ಚೌಕವನ್ನೇ ತೆಗೆದುಕೊಂಡು ಆ ಇಡೀ ಚೌಕ ಸಮತಟ್ಟಾಗಿದೆಯೇ ಎಂದು ನೋಡಬೇಕಾಗುತ್ತದೆ.

ಸರಾಸರಿಯ ಜೊತೆಗೇ ಆ ಒಂಬತ್ತು ಪಿಕ್ಸೆಲ್‌ಗಳ ಮಾನಕ ವಿಚಲನೆಯನ್ನೂ ಬರೆದಿಟ್ಟುಕೊಳ್ಳಿ. ಅದು ಆ ಜೋಡಿಯ ನಡತೆಯ ಪ್ರಮಾಣಪತ್ರ. ಜುಲೈ ತಿಂಗಳಲ್ಲಿ ಆಗುಂಬೆಯ ಘಾಟಿಯ ಮೇಲೆ ಬಿದ್ದ ಚುಕ್ಕೆಯನ್ನು ಯೋಚಿಸಿ: ಒಂದು ಕಡೆ ಕಡಿದಾದ ಇಳಿಜಾರು, ಇನ್ನೊಂದು ಕಡೆ ಮಲೆನಾಡು, ಮೇಲೆ ಹರಿದು ಹಂಚಿಹೋದ ಮೋಡ. ಒಂದೇ ಪಿಕ್ಸೆಲ್ ಆಚೀಚೆ ಆದರೂ ಉತ್ತರ ಪೂರ್ತಿ ಬದಲಾಗುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ, ಸಮಭಾಜಕದ ಹತ್ತಿರದ ತೆರೆದ ಸಮುದ್ರ ಇಂಥ ಕೆಲಸಕ್ಕೆ ಎಷ್ಟೋ ವಾಸಿ. ಉಪಗ್ರಹದ ನೇರ ಕೆಳಗೂ ಅದೇ ಇದೆ.

ಹಾಗೆಂದು ನಯವಾದ ಜೋಡಿಗಳನ್ನು ಮಾತ್ರ ಇಟ್ಟುಕೊಂಡರೆ ಇನ್ನೊಂದು ತೊಂದರೆ ಹುಟ್ಟುತ್ತದೆ. ನಯವಾಗಿರುವುದು ಹೆಚ್ಚಾಗಿ ಮೋಡವಿಲ್ಲದ ಸಮುದ್ರ, ಅದರ ತಾಪಮಾನ ಹೆಚ್ಚುಕಡಿಮೆ ಒಂದೇ. ಎಲ್ಲ ಬಿಂದುಗಳೂ ಬಿಸಿಯ ತುದಿಯಲ್ಲೇ ಗುಂಪುಗಟ್ಟಿದರೆ ಗೆರೆ ಎಳೆಯಲು ಇನ್ನೊಂದು ತುದಿಯೇ ಇರುವುದಿಲ್ಲ. ತಣ್ಣನೆಯ ತುದಿ ಕೊಡುವುದು ಎತ್ತರದ ಗುಡುಗು ಮೋಡಗಳ ನೆತ್ತಿ. ಆದ್ದರಿಂದ ಒರಟು ಜೋಡಿಗಳನ್ನು ಪೂರ್ತಿ ಎಸೆಯುವ ಬದಲು ಅವಕ್ಕೆ ಕಡಿಮೆ ತೂಕ ಕೊಡುವುದು ಜಾಣತನ. ವಿಚಲನೆಯ ವರ್ಗಕ್ಕೆ ವಿಲೋಮವಾಗಿ ತೂಕ ಇಟ್ಟರೆ ನಯವಾದದ್ದು ಜೋರಾಗಿ ಮಾತಾಡುತ್ತದೆ, ಒರಟಾದದ್ದು ಮೆಲ್ಲಗೆ. ವಿಚಲನೆ ಶೂನ್ಯವಾದಲ್ಲಿ ತೂಕ ಅನಂತವಾಗದಂತೆ ಸಂವೇದಕದ ಸದ್ದಿನ (ನಾಯ್ಸ್) ಮಟ್ಟವನ್ನು ಕನಿಷ್ಠವಾಗಿ ಕೂಡಿಸಿಡಿ.

ಒಂದು ಚಿಕ್ಕ ಪರೀಕ್ಷೆಯನ್ನು ಇಲ್ಲೇ ಮುಗಿಸಿಬಿಡಿ. ಇನ್ಸಾಟ್ ಚಿತ್ರವನ್ನು ಬೇಕೆಂದೇ ಒಂದೆರಡು ಪಿಕ್ಸೆಲ್ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಸರಿಸಿ ಪ್ರತಿಸಲವೂ ಯಾಸಿಯೊಡನೆ ಹೊಂದಾಣಿಕೆ ನೋಡಿ. ಸರಿಸದೆ ಇದ್ದಾಗಲೇ ಹೊಂದಾಣಿಕೆ ಅತಿ ಚೆನ್ನಾಗಿರಬೇಕು. ಬೇರೆಲ್ಲೋ ಚೆನ್ನಾಗಿದ್ದರೆ ಆ ಚಿತ್ರದ ಸ್ಥಾನವೇ ತಪ್ಪಿದೆ ಎಂದರ್ಥ, ತಾಪಮಾನದ ಮಾತು ಆಮೇಲೆ.

ಹಂತ 5: ಯಾಸಿಗೆ ಇನ್ಸಾಟ್‌ನ ಕನ್ನಡಕ ಹಾಕಿ

ಯಾಸಿ ನೋಡುವುದು ಸಾವಿರಾರು ಕಿರಿದಾದ ಎಳೆಗಳನ್ನು. ಇನ್ಸಾಟ್ ನೋಡುವುದು ಒಂದೇ ಅಗಲವಾದ ಪಟ್ಟಿಯನ್ನು, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಪಟ್ಟಿಯ ನಡುವೆ ಚೆನ್ನಾಗಿ, ಅಂಚುಗಳಲ್ಲಿ ಮಂಕಾಗಿ. ಎಲ್ಲಿ ಎಷ್ಟು ಚೆನ್ನಾಗಿ ನೋಡುತ್ತದೆ ಎಂಬುದನ್ನು ಉಡಾವಣೆಗೆ ಮುಂಚೆ ಪ್ರಯೋಗಾಲಯದಲ್ಲಿ ಅಳೆದಿರುತ್ತಾರೆ. ಅದರ ಹೆಸರು ರೋಹಿತ ಸ್ಪಂದನ ರೇಖೆ. ಉಪಗ್ರಹ ಉಪಗ್ರಹಕ್ಕೂ ಅದು ಬೇರೆ, 3ಡಿಆರ್‌ನ ರೇಖೆಯನ್ನು 3ಡಿಎಸ್‌ಗೆ ಹಾಕಬೇಡಿ.

ಮಾಡಬೇಕಾದ್ದು ಇಷ್ಟೆ: ಯಾಸಿಯ ಪ್ರತಿ ಎಳೆಯ ವಿಕಿರಣತೆಯನ್ನು ಆ ಜಾಗದ ಸ್ಪಂದನದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಸ್ಪಂದನಗಳ ಮೊತ್ತದಿಂದ ಭಾಗಿಸಿ. ಉಷ್ಣದ ಮೊದಲ ಚಾನೆಲ್ ತರಂಗಸಂಖ್ಯೆಯಲ್ಲಿ 885ರಿಂದ 971ರ ವರೆಗೆ ಬರುತ್ತದೆ. ಯಾಸಿ 0.25ಕ್ಕೊಂದರಂತೆ ಅಳೆಯುವುದರಿಂದ ಸುಮಾರು 340 ಎಳೆ ಈ ಲೆಕ್ಕಕ್ಕೆ ಸಿಗುತ್ತವೆ. ಇನ್ಸಾಟ್ ಅದೇ ಜಾಗವನ್ನು ದೋಷವಿಲ್ಲದೆ ನೋಡಿದ್ದರೆ ಏನು ಹೇಳುತ್ತಿತ್ತೋ ಆ ಅಂಕಿ ಸಿದ್ಧವಾಯಿತು. ಯಾಸಿಯಂಥ ರೋಹಿತಮಾಪಕವನ್ನೇ ಸಾಕ್ಷಿಗೆ ಕರೆದದ್ದೇಕೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಇನ್ನೊಂದು ಅಗಲ ಪಟ್ಟಿಯ ಇಮೇಜರನ್ನು ಕರೆದಿದ್ದರೆ ಎರಡು ಪಟ್ಟಿಗಳ ಅಂಚು ಹೊಂದುವುದಿಲ್ಲ, ಆ ವ್ಯತ್ಯಾಸವನ್ನು ತುಂಬಲು ವಾತಾವರಣದ ಮಾದರಿಯೊಂದನ್ನು ನಂಬಬೇಕಾಗುತ್ತಿತ್ತು.

ಹಂತ 6: ಗೆರೆ ಎಳೆಯಿರಿ

ಅಡ್ಡ ಅಕ್ಷದಲ್ಲಿ ಯಾಸಿಯಿಂದ ಲೆಕ್ಕ ಹಾಕಿದ ವಿಕಿರಣತೆ, ಲಂಬ ಅಕ್ಷದಲ್ಲಿ ಇನ್ಸಾಟ್‌ನದು. ತೂಕ ಕೊಟ್ಟು ಒಂದು ನೇರ ಗೆರೆ ಹಾಯಿಸಿ. ಎರಡು ಸಂಖ್ಯೆ ಸಿಗುತ್ತವೆ: ಗೆರೆಯ ಇಳಿಜಾರು, ಮತ್ತು ಲಂಬ ಅಕ್ಷವನ್ನು ಅದು ಕಡಿಯುವ ಎತ್ತರ. ಎಲ್ಲ ಸರಿಯಿದ್ದರೆ ಇಳಿಜಾರು 1, ಎತ್ತರ 0. ಒಂದು ದಿನದ ಜೋಡಿಗಳು ಸಾಲವು, ಜಿಸಿಕ್ಸ್‌ನವರು ತಕ್ಷಣದ ತಿದ್ದುಪಡಿಗೆ ಹಿಂದಿನ ಹದಿನಾಲ್ಕು ದಿನಗಳ ಜೋಡಿಗಳನ್ನು ಒಟ್ಟುಹಾಕುವ ರೂಢಿಯಿದೆ.

ಹಂತ 7: ತಪ್ಪನ್ನು ಕೆಲ್ವಿನ್‌ನಲ್ಲಿ ಓದಿ

ವಿಕಿರಣತೆಯಲ್ಲಿ ಹೇಳಿದ ತಪ್ಪು ಹವಾಮಾನದವರ ಕಿವಿಗೆ ಬೀಳುವುದಿಲ್ಲ, ಅವರಿಗೆ ತಾಪಮಾನ ಬೇಕು. ಪ್ಲಾಂಕ್ ಸೂತ್ರದಿಂದ ತಿರುಗಿಸಿ. 10.8 ಮೈಕ್ರಾನ್‌ನಲ್ಲಿ 300 ಕೆಲ್ವಿನ್‌ನ ಬೆಚ್ಚನೆಯ ಸಮುದ್ರ ಸುಮಾರು 113 ಮಾನ ವಿಕಿರಣ ಚೆಲ್ಲುತ್ತದೆ, 220 ಕೆಲ್ವಿನ್‌ನ ಮೋಡದ ನೆತ್ತಿ ಬರೀ 22.

ಈಗ ಎರಡು ಬಗೆಯ ಕಾಯಿಲೆ ಊಹಿಸಿಕೊಳ್ಳಿ. ಮೊದಲನೆಯದು, ಇನ್ಸಾಟ್ ಎಲ್ಲ ಕಡೆಯೂ ಒಂದು ಮಾನ ಹೆಚ್ಚು ಹೇಳುತ್ತಿದೆ. ಸಮುದ್ರದ ಮೇಲೆ ಅದು 0.6 ಕೆಲ್ವಿನ್‌ನ ತಪ್ಪು, ಮೋಡದ ನೆತ್ತಿಯಲ್ಲಿ 1.6 ಕೆಲ್ವಿನ್. ಎರಡನೆಯದು, ಇಳಿಜಾರು 1ರ ಬದಲು 0.99. ಆಗ ಸಮುದ್ರದ ಮೇಲೆ 0.7 ಕೆಲ್ವಿನ್ ಕಡಿಮೆ, ಮೋಡದ ನೆತ್ತಿಯಲ್ಲಿ 0.4ಕ್ಕಿಂತಲೂ ಕಡಿಮೆ ತಪ್ಪು. ತಣ್ಣನೆಯ ತುದಿ ಹೆಚ್ಚು ಕೆಟ್ಟಿದ್ದರೆ ಬರಿದಾದ ಆಕಾಶವನ್ನು ನೋಡುವ ಕಡೆ, ಇಲ್ಲವೇ ಒಳನುಸುಳುವ ಪರಬೆಳಕಿನ ಕಡೆ ಅನುಮಾನ ಹೋಗಬೇಕು. ಬಿಸಿಯ ತುದಿ ಹೆಚ್ಚು ಕೆಟ್ಟಿದ್ದರೆ ಕೃಷ್ಣಕಾಯದ ಅಥವಾ ಡಿಟೆಕ್ಟರಿನ ಕಡೆ. 'ಸರಾಸರಿ ತಪ್ಪು 0.5 ಕೆಲ್ವಿನ್' ಎಂದು ಒಂದೇ ಸಂಖ್ಯೆಯಲ್ಲಿ ವರದಿ ಮುಗಿಸುವವರನ್ನು ಕಂಡರೆ ನನಗೆ ಕೋಪ ಬರುವುದು ಈ ಕಾರಣಕ್ಕೆ. ಯಾವ ತಾಪಮಾನದಲ್ಲಿ ಎಂದು ಹೇಳದ ತಪ್ಪಿನಿಂದ ರೋಗ ಗೊತ್ತಾಗುವುದಿಲ್ಲ.

3.8ರಿಂದ 4.0 ಮೈಕ್ರಾನ್ ಚಾನೆಲ್‌ಗೆ ಹೋಗುವವರಿಗೆ ಎರಡು ಎಚ್ಚರಿಕೆ. ಹಗಲಿನಲ್ಲಿ ಅದರೊಳಗೆ ಬಿಸಿಲಿನ ಪ್ರತಿಫಲನ ಸೇರಿಕೊಳ್ಳುತ್ತದೆ, ರಾತ್ರಿಯ ಜೋಡಿಗಳನ್ನು ಮಾತ್ರ ಬಳಸಿ. ಎರಡನೆಯದು, ಅಲ್ಲಿ 220 ಕೆಲ್ವಿನ್‌ನ ಮೋಡ ಕೊಡುವ ವಿಕಿರಣ 300 ಕೆಲ್ವಿನ್‌ನ ಸಮುದ್ರದ್ದರ ಎಂಬತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ಉಷ್ಣ ಚಾನೆಲ್ಲಿನಲ್ಲಿ ಅದು ಐದರಲ್ಲಿ ಒಂದು ಪಾಲಿತ್ತು. ತಣ್ಣನೆಯ ತುದಿಯ ಬಿಂದುಗಳು ಬರೀ ಸದ್ದು, ಅವುಗಳ ಮೇಲೆ ಗೆರೆಯನ್ನು ತೂಗುಹಾಕಬೇಡಿ.

ಹಂತ 8: ದಿನದ ಮೇಲೆ ದಿನ ಇಟ್ಟು ನೋಡಿ

ಒಂದು ದಿನದ ಉತ್ತರ ಒಂದು ಬಿಂದು. ಅದನ್ನು ತಿಂಗಳುಗಟ್ಟಲೆ ಸಾಲಾಗಿ ಇಟ್ಟಾಗ ಉಪಕರಣದ ಒಡಲೊಳಗಿನ ಕಥೆ ಕಾಣತೊಡಗುತ್ತದೆ. ನಿಧಾನವಾಗಿ ಒಂದೇ ದಿಕ್ಕಿಗೆ ಜಾರಿ, ಇದ್ದಕ್ಕಿದ್ದಂತೆ ಮೊದಲಿನ ಜಾಗಕ್ಕೆ ಜಿಗಿಯುವ ಗರಗಸದಂಥ ಗೆರೆ ಕಂಡರೆ ಮಂಜುಗಡ್ಡೆಯನ್ನು ನೆನೆಯಿರಿ. ಯುರೋಪಿನ ಮೆಟಿಯೊಸ್ಯಾಟ್ ಉಪಗ್ರಹಗಳ 13.4 ಮೈಕ್ರಾನ್ ಚಾನೆಲ್‌ನಲ್ಲಿ ಹೀಗೇ ಆಗುತ್ತಿತ್ತು. ತಣ್ಣಗೆ ಇಟ್ಟಿರುವ ಭಾಗಗಳ ಮೇಲೆ ತೆಳ್ಳಗೆ ಮಂಜು ಕೂತು, ಚಾನೆಲ್ಲಿನ ರೋಹಿತ ಸ್ಪಂದನವೇ ಕೊಂಚ ಬದಲಾಗುತ್ತಿತ್ತು. ಉಪಕರಣವನ್ನು ಬೇಕೆಂದೇ ಬೆಚ್ಚಗೆ ಮಾಡಿ ಮಂಜು ಓಡಿಸಿದಾಗ ತಪ್ಪು ಇಳಿಯುತ್ತಿತ್ತು. ಒಳಗಿನ ಕೃಷ್ಣಕಾಯ ಇದನ್ನು ಹಿಡಿಯಲಾರದು, ಹೊರಗಿನ ರೋಹಿತಮಾಪಕದ ಜೊತೆ ಇಟ್ಟು ನೋಡಿದರೆ ಮಾತ್ರ ಎದ್ದು ಕಾಣುತ್ತದೆ.

ಯಾಸಿಗೆ ಕಾಣದ ರೋಗವೊಂದಿದೆ. ಭೂಸ್ಥಿರ ಉಪಗ್ರಹಗಳಿಗೆ ನಡುರಾತ್ರಿಯ ಜ್ವರ ಎನ್ನಬಹುದಾದದ್ದು ಬರುತ್ತದೆ. ಕೆಳಗಿನ ಭೂಮಿಯಲ್ಲಿ ನಡುರಾತ್ರಿಯಾದಾಗ ಸೂರ್ಯ ಭೂಮಿಯ ಆಚೆ ಬದಿಯಿಂದ ನೇರ ಉಪಕರಣದ ಬಾಯೊಳಗೆ ಇಣುಕುತ್ತಾನೆ. ಒಳಗಿನ ಭಾಗಗಳು ಕಾಯುತ್ತವೆ, ಕೃಷ್ಣಕಾಯದ ಲೆಕ್ಕ ಅಲುಗುತ್ತದೆ, ತಾಪಮಾನದಲ್ಲಿ ಒಂದು ಗುಬ್ಬಟೆ ಏಳುತ್ತದೆ. ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನ ವಾರಗಳಲ್ಲಿ ಈ ಕಾಟ ಜಾಸ್ತಿ. ಒಂಬತ್ತೂವರೆಗೆ ಬಂದುಹೋಗುವ ಯಾಸಿಯನ್ನು ಕೇಳಿದರೆ ಎಲ್ಲ ಸರಿಯಿದೆ ಎಂದೇ ಹೇಳುತ್ತದೆ. ಜ್ವರದ ಹೊತ್ತಿಗೆ ಹತ್ತಿರವಾಗುವುದು ನಡುರಾತ್ರಿ ಕಳೆದು ಒಂದೂವರೆಗೆ ಹಾಯುವ ಕ್ರಿಸ್. ಸಾಕ್ಷಿ ಬರುವ ಹೊತ್ತು ಗೊತ್ತಿಲ್ಲದೆ ಸಾಕ್ಷ್ಯ ಬಳಸಬಾರದು.

ಯಾಸಿಯ ಮೇಲೇ ಅನುಮಾನ ಬಂದರೆ? ಮೆಟಾಪ್-ಬಿ ಯೊಡನೆ ಇನ್ಸಾಟ್‌ನ ವ್ಯತ್ಯಾಸ, ಮೆಟಾಪ್-ಸಿ ಯೊಡನೆ ಇನ್ಸಾಟ್‌ನ ವ್ಯತ್ಯಾಸ ಎರಡನ್ನೂ ತೆಗೆದು ಒಂದರಿಂದ ಇನ್ನೊಂದನ್ನು ಕಳೆಯಿರಿ. ನಡುವಿನ ಇನ್ಸಾಟ್ ಹಾರಿಹೋಗಿ ಎರಡು ಯಾಸಿಗಳ ನಡುವಿನ ವ್ಯತ್ಯಾಸ ಉಳಿಯುತ್ತದೆ. ಅದು ಶೂನ್ಯದ ಹತ್ತಿರವಿದ್ದರೆ ಇಬ್ಬರು ಸಾಕ್ಷಿಗಳೂ ಒಂದೇ ಮಾತಿನವರು. ದೊಡ್ಡದಾಗಿದ್ದರೆ ಉಪಗ್ರಹವನ್ನು ದೂರುವ ಮೊದಲು ನಿಮ್ಮ ಪ್ರೋಗ್ರಾಮನ್ನು ಇನ್ನೊಮ್ಮೆ ಓದಿ.

ಬಿಸಿಲು ನೋಡುವ ಚಾನೆಲ್‌ಗಳ ಮಾತು

ಮೊದಲ ಎರಡು ಚಾನೆಲ್‌ಗಳಿಗೆ ಮೇಲಿನ ದಾರಿ ಸಾಲುವುದಿಲ್ಲ. ಅಲ್ಲಿ ಸೂರ್ಯ ಎಲ್ಲಿದ್ದ, ಉಪಗ್ರಹ ಯಾವ ದಿಕ್ಕಿನಿಂದ ನೋಡಿತು ಎಂಬುದು ಉತ್ತರವನ್ನೇ ಬದಲಾಯಿಸುತ್ತದೆ. ಹಾಗಾಗಿ ಸದಾ ಒಂದೇ ರೀತಿ ಹೊಳೆಯುವ ಗುರಿಗಳನ್ನು ಹುಡುಕುತ್ತಾರೆ: ವಾತಾವರಣದ ಕೆಳಪದರದ ನೆತ್ತಿಗೆ ಮುಟ್ಟಿದ ದಟ್ಟ ಗುಡುಗು ಮೋಡಗಳು, ಲಿಬಿಯಾದ ಮರುಭೂಮಿ, ಚಂದ್ರ. ಇಸ್ರೋ ವಿಜ್ಞಾನಿಗಳು ಕಚ್ಛದ ದೊಡ್ಡ ರಣ್‌ನ ಬಿಳಿ ಉಪ್ಪುನೆಲದ ಮೇಲೆ ಉಪಕರಣ ಇಟ್ಟು, ನೆಲದಿಂದಲೇ ಅಳೆದು ಹಿಂದಿನ ಉಪಗ್ರಹ ಇನ್ಸಾಟ್-3ಡಿಯ ಈ ಚಾನೆಲ್‌ಗಳನ್ನು ಪರೀಕ್ಷಿಸಿದ್ದಾರೆ. ಉಷ್ಣ ಚಾನೆಲ್ ಕೈಗೆ ಹತ್ತುವ ಮುಂಚೆ ಇತ್ತ ಬರುವುದು ಬೇಡ.

ಹಂತ 9: ತಿದ್ದುಪಡಿ ಹಾಕುವುದು

ಇನ್ಸಾಟ್‌ನ ವಿಕಿರಣತೆಯಿಂದ ಗೆರೆಯ ಎತ್ತರವನ್ನು ಕಳೆದು, ಇಳಿಜಾರಿನಿಂದ ಭಾಗಿಸಿ, ಆಮೇಲೆ ತಾಪಮಾನಕ್ಕೆ ತಿರುಗಿಸಿ. ಮೂಲ ಫೈಲಿನ ಅಂಕಿಗಳನ್ನು ಮುಟ್ಟಬೇಡಿ. ತಿದ್ದುಪಡಿಯ ಎರಡು ಸಂಖ್ಯೆಗಳು, ಅವುಗಳ ಅನಿಶ್ಚಿತತೆ, ಯಾವ ದಿನದಿಂದ ಯಾವ ದಿನದವರೆಗಿನ ಜೋಡಿಗಳಿಂದ ಬಂದವು, ಯಾವ ಸ್ಪಂದನ ರೇಖೆ ಬಳಸಿದಿರಿ ಇಷ್ಟನ್ನೂ ಪ್ರತ್ಯೇಕ ಫೈಲಿನಲ್ಲಿ ಇಡಿ. ಬೇಕಾದವರು ಹಾಕಿಕೊಳ್ಳಲಿ, ಬೇಡವಾದವರು ಬಿಡಲಿ. ತಿದ್ದುಪಡಿ ಅದರ ಅನಿಶ್ಚಿತತೆಗಿಂತ ಚಿಕ್ಕದಾಗಿದ್ದರೆ ಹಾಕದಿರುವುದೇ ಲೇಸು. ಮೊಸ್‌ಡ್ಯಾಕ್‌ನವರು ಹೊಸ ಆವೃತ್ತಿಯ ಫೈಲು ಬಿಟ್ಟರೆ ಒಳಗಿನ ಕೋಷ್ಟಕ ಬದಲಾಗಿರಬಹುದು, ಆಗ ನಿಮ್ಮ ಹಳೆಯ ಸಂಖ್ಯೆಗಳನ್ನು ಅದರ ಮೇಲೆ ಹೇರಬೇಡಿ. ಮೂರನೇ ಹಂತದಿಂದ ಮತ್ತೆ ಶುರುಮಾಡಿ.